ಐಸ್ ಮೇಲೆ ಬದುಕಿದ್ದ ಮೀನು

೧

"ಕಿವಿರು ಬಿಡಿಸಿ ನೋಡದೆ ಮೀನು ಕಳಿಸ್ತೀರಿ. ಮೇಲಿಂದ ಕಥೆ ಬೇರೆ ಬರೀತೀರಾ ಮಾರಾಯ್ರೆ?"

ಹೀಗೂ ಒಂದು ಕಥೆ ಶುರುವಾಗುತ್ತದೆಯೇ? ಗಲ್ಫಿನ ಮನಾಮಾದ ಹಳೆ ಪೇಟೆಬೀದಿ ಸೂಕ್‌ನ ವರ್ಣನೆಯಿಂದ ಶುರು ಮಾಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ನನ್ನದೇ ಪಾತ್ರ, ಅಲ್ಲಿ ಊಟದ ಮೆಸ್ ನಡೆಸುವ ಉಷಾಲತಾ, ಬಾಯಿ ಹಾಕಿದಳು. (ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇದೆ. ನೀವು ಓದುತ್ತಿದ್ದೀರೆಂದು ನುಂಗಿಕೊಂಡೆ.)

ಜಗಳ ಒಂದು ಮೀನಿನದು. ಹೆಸರು ಸ್ಕಲ್ಪಿನ್. ರಷ್ಯಾದ ಬೈಕಲ್ ಸರೋವರದಲ್ಲಿ, ಬೆಳಕು ಇಳಿಯದ, ಐಸಿನಷ್ಟು ತಣ್ಣಗಿನ ತಳದಲ್ಲಿ ಅದರ ವಾಸ. ಸ್ಕಲ್ಪಿನ್‌ಗಳಲ್ಲಿ ಈ ಜಾತಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಮೊದಲ ಡ್ರಾಫ್ಟಿನಲ್ಲಿ ಅದನ್ನು ಐಸ್ ಮೇಲೆ ಮಲಗಿಸಿ ಅವಳ ಅಡುಗೆಮನೆಗೆ ಕಳಿಸಿದ್ದೆ. ಹುಳಿ-ಖಾರದ ಪುಳಿಮುಂಚಿ ಮಾಡಲಿ, ಕಥೆ ಮುಗಿಯಲಿ ಎಂದು.

ಕರಾವಳಿಯ ಹೆಂಗಸು, ಕಿವಿರು ನೋಡದೆ ಕತ್ತಿ ಇಡುವವಳಲ್ಲ. ಎತ್ತಿ ನೋಡಿದಳು. ಕಿವಿರು ಅವಳ ಬೆರಳನ್ನು ಮೆಲ್ಲಗೆ ಅದುಮಿತು.

"ಇದಕ್ಕೆ ಜೀವ ಉಂಟು."

ತಪ್ಪು ನನ್ನದೇ. ಮೀನು ಮಾರ್ಕೆಟ್ ನೋಡಿ ಬೆಳೆದವನಿಗೆ ಐಸ್ ಮೇಲಿದ್ದದ್ದೆಲ್ಲ ಹೆಣ. ಈ ಮೀನಿಗೋ ಐಸೇ ತವರುಮನೆ!

೨ (ಅಂತ್ಯಗಳು, ಆರಿಸಿಕೊಳ್ಳಿ)

ಸಮುದ್ರಕ್ಕೆ ಬಿಡೋಣವೇ ಎಂದೆ. ಸಿಹಿನೀರಿನ ಮೀನನ್ನು ಉಪ್ಪುನೀರಿಗೆ ಬಿಡುವುದಾದರೆ ಮೊದಲು ನಿಮ್ಮನ್ನೇ ಇಳಿಸುತ್ತೇನೆ ಎಂದಳು. ಅವಳ ಗಂಡ ರೂಪೇಶ್ ಫ್ರಿಜ್‌ನಲ್ಲಿ ಸಾಕಲಿ ಎಂದೆ. ಫ್ರಿಜ್ ತುಂಬ ದೋಸೆಹಿಟ್ಟಂತೆ. ಸರಿ, ಮೀನು ಸಾಯಲಿ, ಓದುಗರು ಅಳಲಿ, ನನಗೊಂದು ಬಹುಮಾನ ಬರಲಿ ಎಂದೆ.

ಐಸ್ ಕರಗಿ ಮೇಜಿನಿಂದ ತೊಟ್ಟಿಕ್ಕುತ್ತಿತ್ತು.

"ನಮ್ಮನ್ನು ಎಲ್ಲಿ ಬಿಸಾಡಿದ್ರೂ ಅಲ್ಲೊಂದು ಅಂಗಡಿ ಇಡ್ತೇವೆ. ಇದಕ್ಕೆ ಇರುವುದು ಒಂದೇ ಊರು. ನಾನು ಬಿಟ್ಟು ಬರ್ತೇನೆ."

ವೀಸಾ ಇಲ್ಲ, ಏರ್‌ಪೋರ್ಟನ್ನೇ ನಾನಿನ್ನೂ ಬರೆದಿಲ್ಲ, ಈ ಅಡುಗೆಮನೆಗೆ ಬಾಗಿಲೂ ಇಲ್ಲ ಎಂದು ಕೂಗಾಡಿದೆ.

"ಹಾಗಾದ್ರೆ ಮೊದಲು ಬಾಗಿಲು ಬರೀರಿ."

ಸಿಟ್ಟಿನಲ್ಲಿ ಬರೆದೆ. ಬೇಕಾದ್ದಕ್ಕಿಂತ ದೊಡ್ಡದೇ ಆಯಿತು.

೩

ಮೀನನ್ನು ಐಸ್ ಪೆಟ್ಟಿಗೆಗೆ ಹಾಕಿ, ಫ್ರೀಜರಿನಲ್ಲಿದ್ದ ಐಸನ್ನೆಲ್ಲ ಸುರಿದು, ಹಾಡು ಗುನುಗುತ್ತ ಹೊರಟೇ ಬಿಟ್ಟಳು. ಹೊರಗೆ ಟ್ಯಾಕ್ಸಿಯ ಮಸೂದ್‌ಗೆ ಹೇಳುವುದು ಕೇಳಿಸಿತು: "ಮಸೂದ್ ಭಾಯ್, ಎಸಿ ಫುಲ್ ಕರೋ. ಅಂದರ್ ಮೆಹಮಾನ್ ಹೈ." ಪೆಟ್ಟಿಗೆಯೊಳಗೆ ಅತಿಥಿಯಂತೆ!

ಮತ್ತೆ ಬರಲಿಲ್ಲ. ಬೈಕಲ್ ತಲುಪಿದಳೇ ಎಂದು ನನ್ನನ್ನು ಕೇಳಬೇಡಿ. ಬಾಗಿಲು ಮುಚ್ಚುವ ಸಾಲನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ.

ಈಗ ಮೆಸ್ಸಿನಲ್ಲಿ ಹತ್ತೊಂಬತ್ತು ಜನ ಕೈ ತೊಳೆದು ಕೂತಿದ್ದಾರೆ. ಕೆಲಸಕ್ಕೆ ಸಿತ್ರಾದ ಕಂಪನಿ ಬಸ್ ಹಿಡಿಯಬೇಕಾದ ಎಡ್ಮಂಡ್ ತಟ್ಟೆ ಬಡಿಯುತ್ತಿದ್ದಾನೆ. ಬೇರೆ ದಾರಿಯಿಲ್ಲದೆ ನಾನೇ ಕಥೆಯೊಳಗೆ ಇಳಿದು ಒಲೆ ಹಚ್ಚಿದ್ದೇನೆ. ಬಂಗುಡೆ ಕಾವಲಿಗೆ ಬೀಳಬೇಕಷ್ಟೆ.

ಈ ಸಲ ಒಂದೊಂದರ ಕಿವಿರೂ ಬಿಡಿಸಿ ನೋಡುತ್ತಿದ್ದೇನೆ.