ಅಣ್ಣನ ಜೇಬಿನ ಹಾಟ್‌ಸ್ಪಾಟ್

ಕೆಟ್ಟ ಹಾಲನ್ನು ಮೂಸಿ ನೋಡುವುದು ನಾಜೂಕಿಯ ಉದ್ಯೋಗವಾಗಿತ್ತು. ಡೈರಿಯ ಪರೀಕ್ಷಾಲಯದಲ್ಲಿ ಕ್ಯಾನಿನ ಮುಚ್ಚಳವೆತ್ತಿ, ಬಾಗಿ, ಒಂದು ಉಸಿರೆಳೆದುಕೊಂಡು, ಇದು ಒಳಗೆ, ಇದು ಚರಂಡಿಗೆ ಎಂದು ಅವಳು ಹೇಳಿದ ಮೇಲೆಯೇ ಉಪಕರಣಗಳ ಸರದಿ. ಹುಳಿತದ್ದು, ಒಡೆದದ್ದು, ನೂಲು ನೂಲಾಗಿ ಎಳೆಬಿಟ್ಟದ್ದು, ಯಾವುದಕ್ಕೂ ಅವಳು ಮುಖ ಕಿವುಚಿದವಳಲ್ಲ. ಆದರೆ ಸಂಜೆ ಮನೆಗೆ ಬಂದು ಅಪ್ಪನ ಕೋಣೆಯ ಬಾಗಿಲನ್ನು ದೂಡಿದ ಕೂಡಲೇ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

ಅಪ್ಪನ ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ನುಂಗುವ ಸ್ನಾಯುಗಳು ಸೋತಿದ್ದವು. ತುಟಿಯ ಎಡಮೂಲೆಯಿಂದ ಹೊರಟ ಎಳೆ ಗದ್ದದ ಗುಂಡಿಯಲ್ಲಿ ಒಂದು ಗಳಿಗೆ ನಿಂತು, ಎದೆಯ ಮೇಲಿನ ಟವೆಲಿಗೆ ಇಳಿಯುತ್ತಿತ್ತು. ಆ ಟವೆಲ್ಲಿನ ವಾಸನೆ ಅವಳ ವೃತ್ತಿಯ ಯಾವ ವರ್ಗಕ್ಕೂ ಸೇರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಣ್ಣ ಬಾಯಿಟ್ಟ ಲೋಟವನ್ನು ಮುಟ್ಟಲಾರದೆ ಅತ್ತು ರಂಪ ಮಾಡಿದ್ದಕ್ಕೆ ನಾಜೂಕಿ ಎಂಬ ಹೆಸರನ್ನಿಟ್ಟವನೂ ಅಪ್ಪನೇ. ಈಗ ಅವಳು ಟವೆಲನ್ನು ಎರಡು ಬೆರಳಿನ ತುದಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುವುದನ್ನು ಅವನು ಕಣ್ಣರಳಿಸಿ ನೋಡುತ್ತಿದ್ದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಬುದ್ಧಿಗೂ ಅಷ್ಟೇ.

ಕೋಣೆ ಇದ್ದದ್ದು ಕನ್ನಡಕದಂಗಡಿಯ ಹಿಂಬದಿಗೆ. ಅಂಗಡಿ ಅಪ್ಪ ಕಟ್ಟಿದ್ದು, ಈಗ ಅಣ್ಣ ನಡೆಸುತ್ತಿದ್ದದ್ದು. ಎರಡರ ನಡುವೆ ಬಾಗಿಲಿರಲಿಲ್ಲ, ಒಂದು ಪರದೆಯಿತ್ತು. ಕಾಯಿಲೆ ಮೊದಲು ಅಪ್ಪನ ನಾಲಿಗೆಯನ್ನು ಹಿಡಿಯಿತು, ಆಮೇಲೆ ಬಲಗೈಯನ್ನು, ಕೊನೆಗೆ ಕತ್ತನ್ನು. ಕತ್ತು ಸೋತ ಮೇಲೆ ತಲೆ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡತೊಡಗಿತು. ಯಾರು ಏನೇ ಕೇಳಲಿ, ಏನೂ ಕೇಳದಿರಲಿ, ಅಪ್ಪ ಹೌದು ಹೌದು ಎನ್ನುವಂತೆ ಕಾಣುತ್ತಿದ್ದ. ಬದುಕಿಡೀ ಒಂದು ಮಾತಿಗೂ ಸುಲಭಕ್ಕೆ ಒಪ್ಪದ ಮನುಷ್ಯ.

ಮಾತಿಗೆಂದು ಆಸ್ಪತ್ರೆಯ ತಜ್ಞೆ ಒಂದು ಟ್ಯಾಬ್ಲೆಟ್ ಕೊಡಿಸಿದ್ದಳು. ಅಪ್ಪನ ಎಡಗೈಯ ಒಂದೇ ಬೆರಳು ಅಲುಗುತ್ತ ಎಲ್ಲೆಲ್ಲೋ ಬಿದ್ದರೂ ಅವನಿಗೆ ಬೇಕಾದ ಪದವನ್ನು ಊಹಿಸಿ, ವಾಕ್ಯ ಮುಗಿದಾಗ ಗಟ್ಟಿಯಾಗಿ ಓದುವ ಆ್ಯಪ್ ಅದರಲ್ಲಿತ್ತು. ಅದರ ಅಕ್ಷರದ ಮಣೆ, ಊಹೆ, ದನಿ ಎಲ್ಲವೂ ಬರುತ್ತಿದ್ದದ್ದು ಇಂಟರ್ನೆಟ್ಟಿನಿಂದ. ಟ್ಯಾಬ್ಲೆಟ್ಟಿಗೆ ಸಿಮ್ ಇರಲಿಲ್ಲ. ಮನೆಗೆ ತಂತಿಯ ನೆಟ್ ಹಾಕಿಸುವ ವಿಷಯ ಎದ್ದಾಗಲೆಲ್ಲ ಮುಂದಿನ ತಿಂಗಳು ಎಂದು ಮಲಗುತ್ತಿತ್ತು. ಹಾಗಾಗಿ ಯಾರಾದರೊಬ್ಬರು ತಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ನೆಟ್ ಹಂಚಿಕೊಟ್ಟರೆ ಅಪ್ಪನಿಗೆ ಬಾಯಿ. ಇಲ್ಲವಾದರೆ ಬಿಳಿ ಪರದೆಯ ಮೇಲೆ ಗಿರಗಿರನೆ ಸುತ್ತುವ ಒಂದು ಚಕ್ರ.

ಮೊದಮೊದಲು ಹಂಚಿದ್ದು ನಾಜೂಕಿಯ ಫೋನೇ. ಹಾಗೆ ಸಿಕ್ಕಿದ ನೆಟ್ಟನ್ನು ಟ್ಯಾಬ್ಲೆಟ್ ಮನೆಯ ವೈ-ಫೈ ಎಂದೇ ತಿಳಿದು, ಹಳೆಯ ಅಪ್‌ಡೇಟುಗಳನ್ನೆಲ್ಲ ಬಕಾಸುರನಂತೆ ನುಂಗಿ, ಅವಳು ಡೈರಿಗೆ ಹೊರಡುವ ಮೊದಲೇ ಅವಳ ದಿನದ ಡೇಟಾ ಖಾಲಿ ಮಾಡುತ್ತಿತ್ತು. ಡೈರಿಯಿಂದ ಫಲಿತಾಂಶ ಕಳಿಸಲಾಗದೆ ಮೇಲಧಿಕಾರಿಯ ಬಾಯಿಗೆ ಬಿದ್ದ ದಿನ ಅವಳು ಸಿಡುಕಿ, ಇದು ನನ್ನಿಂದಾಗದು ಎಂದು ಅಣ್ಣನ ತಲೆಗೆ ಕಟ್ಟಿದಳು. ಅಣ್ಣ ಟ್ಯಾಬ್ಲೆಟ್ಟಿನ ಸೆಟ್ಟಿಂಗಿಗೆ ಬೀಗದ ಸಂಖ್ಯೆ ಹಾಕಿ, ತನ್ನ ಫೋನಿಗೆ ಜೋಡಿಸಿ, ಅಪ್ಪನ ಮಾತಿನ ಹೊಣೆಯನ್ನು ಮರುಮಾತಿಲ್ಲದೆ ಹೊತ್ತ. ಎತ್ತುವುದು, ಒರೆಸುವುದು, ಮೀಯಿಸುವುದು ಎಲ್ಲವೂ ಅವನದೇ ಆಗಿತ್ತು. ಅದೊಂದನ್ನು ಅವಳು ಅಲ್ಲಗಳೆಯಲಾರಳು.

ತೊಂದರೆ ಹತ್ತಿದ್ದು ಅಂಗಡಿಯಲ್ಲಿ. ಆ್ಯಪಿಗಿದ್ದದ್ದು ಒಂದೇ ದನಿ, ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ಹುಡುಗಿಯಂಥದ್ದು. ಗಿರಾಕಿ ಕನ್ನಡಿಯ ಮುಂದೆ ಫ್ರೇಮು ಹಾಕಿ ತೆಗೆದು ಮಾಡುತ್ತಿರುವಾಗ ಪರದೆಯ ಹಿಂದಿನಿಂದ ಆ ಸಕ್ಕರೆ ದನಿ ಬರುತ್ತಿತ್ತು.

"ಅದು ತಗೋಬೇಡಿ. ಸೊಟ್ಟ ಇದೆ. ನನ್ನ ಮಗನ ಹಾಗೆ."

ಗಿರಾಕಿಗಳು ನಗುತ್ತಿದ್ದರು, ಕೆಲವರು ಹಾಗೆಯೇ ಎದ್ದು ಹೋಗುತ್ತಿದ್ದರು. ಅತ್ತಿಗೆ ಮಾಡಿದ ಸೂಪಿನಿಂದ ಗೋಡೆಗೆ ಪೋಸ್ಟರ್ ಅಂಟಿಸಬಹುದೆಂದೂ ಆ ದನಿಯೇ ಹೇಳಿತು. ಅತ್ತಿಗೆ ಅಂದಿನಿಂದ ಪರದೆಯಾಚೆ ಕಾಲಿಡಲಿಲ್ಲ. ಊಟದ ಹೊತ್ತಿಗೆ ಅಣ್ಣ ತಂಗಿಯ ಹತ್ತಿರ ನಗುತ್ತಲೇ ಹೇಳಿದ್ದ: "ನೋಡೇ, ನನ್ನ ಡೇಟಾ ತಿಂದು ನನಗೇ ಬೈಯೋದು ಅಂದ್ರೆ ಇದೇ."

ಆಮೇಲಿಂದ ನೆಟ್ ಆಗಾಗ ಹೋಗತೊಡಗಿತು. ಗೋಡೆ ದಪ್ಪ, ಈ ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ ಎಂದು ಅಣ್ಣ ಹೇಳಿದ. ನಾಜೂಕಿ ನಂಬಿದಳು. ನಂಬುವುದು ಅನುಕೂಲವಾಗಿತ್ತು.

ಊರ ಹೊರಗಿನ ಆರೈಕೆ ಕೇಂದ್ರದ ಮಾತು ಬಂದದ್ದು ಅದೇ ದಿನಗಳಲ್ಲಿ. ಅಲ್ಲೊಂದು ಹಾಸಿಗೆ ಖಾಲಿಯಾಗಿದೆಯೆಂದು ಅಣ್ಣ ಅರ್ಜಿ ಹಾಕಿದ. ನಾಜೂಕಿ ಬೇಡವೆಂದಳು. ಹಾಗಾದರೆ ನಾಳೆಯಿಂದ ಮೈ ತೊಳೆಸುವುದು ನಿನ್ನದು ಎಂದು ಅಣ್ಣ ಹೇಳಿದಾಗ ಅವಳು ಡೈರಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡಳು. ಆದರೆ ಕೇಂದ್ರಕ್ಕೊಂದು ನಿಯಮವಿತ್ತು. ಬುದ್ಧಿ ನೆಟ್ಟಗಿರುವವರನ್ನು ಅವರ ಬಾಯಿಂದಲೇ ಒಪ್ಪಿಗೆ ಕೇಳದೆ ಸೇರಿಸಿಕೊಳ್ಳುವುದಿಲ್ಲ. ಅಪ್ಪ ಒಪ್ಪಿದ್ದಾನೆ ಎಂದು ಅಣ್ಣ ಸಾರುತ್ತಿದ್ದ. ಅಪ್ಪ ಹಾಗೆಂದದ್ದನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲ.

ಒಂದು ರಜೆಯ ದಿನ ಚಿಕ್ಕಪ್ಪ ನೋಡಲು ಬಂದ. ಅಪ್ಪನ ಪಕ್ಕ ಕುಳಿತು, ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ಹೋಗಲು ಒಪ್ಪಿದ್ದೀಯಂತೆ, ನಿಜವೇನಣ್ಣ ಎಂದು ಕೇಳಿದ. ಅಪ್ಪ ಕೈ ಬಿಡಿಸಿಕೊಂಡು ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟ. ಒಂದೆರಡು ಪದ ಮೂಡಿದವು. ಪರದೆ ಬಿಳಿಚಿತು, ಚಕ್ರ ಸುತ್ತತೊಡಗಿತು.

"ಹಾಳು ಸಿಗ್ನಲ್," ಎಂದು ಅಣ್ಣ ಗೊಣಗಿದ. "ಆದ್ರೂ ನೋಡು ಚಿಕ್ಕಪ್ಪ, ತಲೆ ಆಡಿಸ್ತಿದ್ದಾರಲ್ಲ."

ತಲೆ ಆಡುತ್ತಿತ್ತು. ಚಿಕ್ಕಪ್ಪ ಒದ್ದೆ ಕಣ್ಣಿನಿಂದ ಅಪ್ಪನ ಭುಜ ತಟ್ಟಿದ. ನಾಜೂಕಿ ಮನೆಯ ಕಡೆಯ ಬಾಗಿಲ ಬಳಿ ಹೊಸ ಟವೆಲ್ ಹಿಡಿದು ನಿಂತಿದ್ದಳು. ನಡುವಿನ ಬಟ್ಟೆ ಪರದೆ ಅರ್ಧ ಸರಿದಿತ್ತು. ಅಂಗಡಿಯ ಕಡೆಗಿದ್ದ, ಗಿರಾಕಿಗಳು ಮುಖ ನೋಡಿಕೊಳ್ಳುವ ಉದ್ದ ಕನ್ನಡಿಯಲ್ಲಿ ಅವಳಿಗೆ ಅಣ್ಣನ ಬೆನ್ನು ಕಾಣುತ್ತಿತ್ತು. ಬೆನ್ನ ಹಿಂದೆ ಕಟ್ಟಿದ ಕೈಯಲ್ಲಿ ಫೋನಿತ್ತು, ಫೋನಿನ ಮೇಲೆ ಹೆಬ್ಬೆರಳಿತ್ತು. ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಹೊರಟ ಮೇಲೆ ಆ ಹೆಬ್ಬೆರಳು ಫೋನಿನ ಪರದೆಯನ್ನು ಕೆಳಗೆಳೆದು ಒಂದು ಗುಂಡಿಯನ್ನು ಒತ್ತಿತು, ಚಿಮಟದಲ್ಲಿ ಸ್ಕ್ರೂ ಹಿಡಿದು ಕೂರಿಸುವಷ್ಟು ನಯವಾಗಿ. ಅಪ್ಪನ ಮಡಿಲಲ್ಲಿ ಚಕ್ರ ನಿಂತು ಅಕ್ಷರದ ಮಣೆ ಬಂತು. ಅಪ್ಪ ಅದರತ್ತ ನೋಡಲಿಲ್ಲ. ಗೋಡೆಯತ್ತ ಮುಖ ಮಾಡಿದ್ದ.

ನಾಜೂಕಿ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು. ಮುಟ್ಟಿದ್ದು ಒಗೆದ ಟವೆಲನ್ನಷ್ಟೇ. ಆದರೂ ಮೈಯೆಲ್ಲ ಲೋಳೆ ಮೆತ್ತಿದಂತೆ ಇತ್ತು. ಅಪ್ಪನ ಬಾಯಿಯ ಎಳೆಗೆ ಪಟ್ಟ ಅಸಹ್ಯ ಇದರ ಮುಂದೆ ಏನೂ ಅಲ್ಲವೆನಿಸಿತು. ಅದೇ ಅಣ್ಣ ಅಂದು ಸಂಜೆ ಅಪ್ಪನಿಗೆ ಚಮಚದಲ್ಲಿ ಸೂಪು ಕುಡಿಸುತ್ತ, ಊದಿ ಊದಿ ಆರಿಸುತ್ತ ಕುಳಿತದ್ದನ್ನು ನೋಡಿ ಅವಳಿಗೆ ಊಟ ಸೇರಲಿಲ್ಲ.

ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡಬಹುದಿತ್ತು. ಕೇಳಿದರೆ ಸಿಗ್ನಲ್ ಎನ್ನುತ್ತಾನೆ. ಸಿಕ್ಕಿಬೀಳಬೇಕು, ಅದೂ ಹೊರಗಿನವರ ಎದುರು, ಎಂದು ಅವಳು ಹಟ ಹಿಡಿದಳು. ಟ್ಯಾಬ್ಲೆಟ್ಟಿನ ಬೀಗದ ಸಂಖ್ಯೆ ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಟ್ಯಾಬ್ಲೆಟ್ ನೆನಪಿಟ್ಟುಕೊಳ್ಳುವುದು ಫೋನನ್ನಲ್ಲ, ಹಾಟ್‌ಸ್ಪಾಟಿನ ಹೆಸರನ್ನು ಮತ್ತು ಗುಪ್ತಪದವನ್ನು. ಅಣ್ಣನ ಹಾಟ್‌ಸ್ಪಾಟಿಗೆ ಅಂಗಡಿಯ ಹೆಸರಿತ್ತು, ಗುಪ್ತಪದ ಅಂಗಡಿಯ ಫೋನ್ ನಂಬರು. ಅವೆರಡನ್ನೂ ಅಕ್ಷರಕ್ಕೆ ಅಕ್ಷರ ತನ್ನ ಫೋನಿಗೆ ಹಾಕಿದರೆ ಸಾಕು, ಅದು ಇದು ಒಂದೇ ಎಂದು ಟ್ಯಾಬ್ಲೆಟ್ ಮೋಸಹೋಗುತ್ತದೆ.

ಅಣ್ಣ ಗಾಜು ತರಲು ಪೇಟೆಗೆ ಹೋದ ಹೊತ್ತು ನೋಡಿ ಅವಳು ಪರೀಕ್ಷಿಸಿದಳು. ಚಕ್ರ ಸುತ್ತಿ ಸುತ್ತಿ ನಿಂತಿತು, ಮಣೆ ಮೂಡಿತು. ಅಪ್ಪ ಮೊದಲು ಪರದೆಯನ್ನು, ಆಮೇಲೆ ಅವಳ ಕೈಯ ಫೋನನ್ನು ನೋಡಿದ. ಅವನ ಬೆರಳು ಅವಸರದಿಂದ ಓಡಾಡಿತು.

"ಅವನಿಲ್ವಾ. ಒಳ್ಳೇದು. ನಿನ್ನ ಹತ್ರ ಒಂದು ವಿಷಯ," ಎಂದಿತು ಲಿಫ್ಟಿನ ಹುಡುಗಿಯ ದನಿ.

ಅಷ್ಟರಲ್ಲಿ ಅಪ್ಪನ ಗದ್ದದಿಂದ ಉದ್ದನೆಯ ಎಳೆಯೊಂದು ಜಾರಿ ಮಣೆಯ ನಟ್ಟನಡುವೆ ಬಿತ್ತು. ಒದ್ದೆಯೂ ಬೆರಳೇ ಎಂದು ತಿಳಿದ ಪರದೆ ಅಕ್ಷರಗಳನ್ನು ತಾನೇ ಒತ್ತಿಕೊಳ್ಳತೊಡಗಿತು, ದನಿ ಅರ್ಥವಿಲ್ಲದ್ದನ್ನು ಒದರಿತು. ಒರೆಸಬೇಕಿತ್ತು. ನಾಜೂಕಿ ಟಿಶ್ಯೂ ಕಾಗದದಿಂದ ಒರೆಸಿದಳು. ಕಾಗದದ ಆಚೆಯ ಬಿಸುಪು ಬೆರಳಿಗೆ ತಟ್ಟಿತು, ಅವಳು ಬಚ್ಚಲಿಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಡೇಟಾ ಅರ್ಧಕ್ಕಿಳಿದಿದೆಯೆಂದು ಫೋನು ಹೇಳುತ್ತಿತ್ತು. ಡೈರಿಯ ಫಲಿತಾಂಶ ಇನ್ನೂ ಕಳಿಸುವುದಿದೆಯೆಂದು ಆಫ್ ಮಾಡಿದಳು. ಆಮೇಲೆ ಹೇಳುವೆಯಂತೆ ಅಪ್ಪ ಎಂದಳು. ಅವನು ಹೇಳಲಿದ್ದದ್ದು ಏನೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಳು: ಹೋಗಲಾರೆ, ಮಗಳೇ, ತಡೆ.

ಮರುದಿನ ಆರೈಕೆ ಕೇಂದ್ರದ ಮೇಲ್ವಿಚಾರಕಿ ಬಂದಳು. ದಪ್ಪ ಕಾಲು, ಮೆತ್ತನೆಯ ಷೂ, ಕೋಣೆಯ ವಾಸನೆಗೆ ಒಂದಿಷ್ಟೂ ಅಳುಕದ ಹೆಂಗಸು. ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡು ಕುಳಿತು, ಮಾತಿನ ನಡುವೆಯೇ ಅಪ್ಪನ ಗದ್ದವನ್ನು ಕೈಗವಸಿಲ್ಲದೆ ತನ್ನ ಕರವಸ್ತ್ರದಿಂದ ಒರೆಸಿದಳು, ಮೇಜು ಒರೆಸಿದಷ್ಟು ಸಲೀಸಾಗಿ. ನಾಜೂಕಿ ಕಣ್ಣು ತಗ್ಗಿಸಿದಳು.

ನಮ್ಮಲ್ಲಿಗೆ ಬರೋಕೆ ಮನಸ್ಸಿದೆಯಾ ಯಜಮಾನರೇ ಎಂದು ಮೇಲ್ವಿಚಾರಕಿ ಕೇಳಿದಳು. ಅಪ್ಪನ ತಲೆ ಆಡುತ್ತಲೇ ಇತ್ತು. ಅಣ್ಣ ಅದನ್ನು ತೋರಿಸಿದ. ತಲೆ ಎಲ್ಲದಕ್ಕೂ ಆಡುತ್ತೆ, ಈ ಕಾಯಿಲೆಯವರನ್ನ ನಾನು ನೋಡಿದ್ದೀನಿ, ಅವರೇ ಹೇಳಲಿ ಎಂದಳು ಮೇಲ್ವಿಚಾರಕಿ. ಅಣ್ಣ ಸಂಕೋಚದಿಂದೆಂಬಂತೆ ನಕ್ಕು, ಟ್ಯಾಬ್ಲೆಟನ್ನು ಅಪ್ಪನ ಮಡಿಲಲ್ಲಿ ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ಬಿಳಿ ಪರದೆ. ಚಕ್ರ.

"ಸಿಗ್ನಲ್ ಮೇಡಂ. ಈ ಗೋಡೆಗಳು..."

ನಾಜೂಕಿ ಚೀಲದೊಳಗೆ ಕೈಯಿಟ್ಟು ತನ್ನ ಫೋನಿನ ಗುಂಡಿಯನ್ನು ಒತ್ತಿದಳು.

ಚಕ್ರ ನಿಂತಿತು. ಮಣೆ ಬಂತು. ಅಣ್ಣ ಫೋನನ್ನು ಮುಂದೆ ತಂದು ನೋಡಿದ, ಮತ್ತೆ ಒತ್ತಿದ, ಮತ್ತೆ ನೋಡಿದ. ಅವನ ಕಿವಿ ಕೆಂಪಾಯಿತು. ಮೇಲ್ವಿಚಾರಕಿ ಅವನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ಅಪ್ಪನ ಕಡೆಗೆ ತಿರುಗಿದಳು. ನಾಜೂಕಿ ಇಷ್ಟು ದಿನ ಕಾದದ್ದು ಈ ಗಳಿಗೆಗೇ. ಸಿಕ್ಕಿದ ಮೇಲೆ ಅದು ಬಾಯಲ್ಲಿ ಹಳಸಿದ ಬೆಣ್ಣೆಯಂತೆ ಅಂಟಿಕೊಂಡಿತು.

ಅಪ್ಪ ತುಂಬ ಹೊತ್ತು ತೆಗೆದುಕೊಂಡ. ಎರಡು ಸಲ ಪರದೆಯನ್ನು ಒರೆಸಬೇಕಾಯಿತು, ಎರಡು ಸಲವೂ ಒರೆಸಿದವಳು ಮೇಲ್ವಿಚಾರಕಿ.

"ನಿಮ್ಮಲ್ಲಿ ನೆಟ್ ಯಾರ ಕೈಲಿರುತ್ತೆ?" ಎಂದಿತು ದನಿ.

ಮೇಲ್ವಿಚಾರಕಿಗೆ ಮೊದಲು ಅರ್ಥವಾಗಲಿಲ್ಲ. "ಯಾರ ಕೈಲೂ ಇಲ್ಲ. ಗೋಡೆ ಮೇಲೊಂದು ಡಬ್ಬಿ ಇದೆ. ಯಾವಾಗ್ಲೂ ಆನ್ ಇರುತ್ತೆ."

ಬೆರಳು ಮತ್ತೆ ಹೊರಟಿತು. "ಬೈದ್ರೆ ಆಫ್ ಮಾಡ್ತೀರಾ?"

"ನನಗೆ ಅದು ಎಟುಕೋದೇ ಇಲ್ಲ ಯಜಮಾನರೇ. ದಿನಾ ಬೈಸಿಕೊಂಡೇ ಕೆಲಸ ಮಾಡೋದು."

ಅಪ್ಪನ ಗಂಟಲಲ್ಲಿ ಗೊರಗೊರ ಸದ್ದಾಯಿತು. ಅದು ನಗು ಎಂದು ಮನೆಯವರಿಗೆ ಗೊತ್ತಿತ್ತು. ಆಮೇಲೆ ಒಂದೇ ಪದ ಒತ್ತಿದ.

"ಬರ್ತೀನಿ."

ಅಣ್ಣನಿಂದ ಒಂದು ದೀರ್ಘ ಉಸಿರು ಹೊರಟಿತು. ಬೇಕಾದದ್ದೇ ಆಗಿತ್ತು. ಕೇಳಿದ್ದರೆ ಮೊದಲ ದಿನವೇ ಆಗುತ್ತಿತ್ತೇನೋ. ನಾಜೂಕಿ ಮುಂದೆ ಬಂದಳು. ಅಪ್ಪ, ಬೇಡ, ಈಗ ನನ್ನ ಫೋನಿದೆ, ಇಲ್ಲಿಯೂ ಗೋಡೆಗೆ ಹಾಕಿಸುತ್ತೇನೆ, ನಾಳೆಯೇ ಹಾಕಿಸುತ್ತೇನೆ ಎಂದಳು. ಹೇಳುತ್ತಿದ್ದಂತೆಯೇ ತನ್ನ ದನಿ ಅವಳಿಗೇ ಅಸಹ್ಯವೆನಿಸಿತು.

ಅಪ್ಪ ಅವಳನ್ನು ನೋಡಿ ಬರೆದ. ಅವಸರವಿರಲಿಲ್ಲ, ಸಿಟ್ಟೂ ಇರಲಿಲ್ಲ. ಲಿಫ್ಟಿನ ಹುಡುಗಿ ಮೃದುವಾಗಿ ಓದಿದಳು.

"ಇಷ್ಟು ದಿನ ಗೋಡೆ ಇರ್ಲಿಲ್ವಾ, ನಾಜೂಕಿ. ಒಬ್ಬನಿಗೆ ಬೈಗುಳ ಆಗಲ್ಲ. ಒಬ್ಬಳಿಗೆ ಜೊಲ್ಲು ಆಗಲ್ಲ."

ಅಂಗಡಿಯಲ್ಲಿ ಗಿರಾಕಿಯೊಬ್ಬ ಗಾಜಿನ ಮೇಜನ್ನು ಬೆರಳಲ್ಲಿ ಬಡಿಯುತ್ತಿದ್ದ, ಅಣ್ಣ ಹೋಗಲಿಲ್ಲ. ಅಪ್ಪನಿಗೆ ಹೇಳುವುದು ಇನ್ನೂ ಇತ್ತು. ಮೇಲ್ವಿಚಾರಕಿಯತ್ತ ತಿರುಗಿ, ಅಲ್ಲಿ ಸೂಪು ಯಾರು ಮಾಡುತ್ತಾರೆಂದೋ ಕಿಟಕಿ ಯಾವ ಕಡೆಗಿದೆಯೆಂದೋ ಕೇಳಲು ಬೆರಳನ್ನು ಮೊದಲ ಅಕ್ಷರದ ಮೇಲೆ ಇಳಿಸುತ್ತಿದ್ದ.

ಚೀಲದಲ್ಲಿ ಫೋನು ಅದುರಿತು. ದಿನದ ಡೇಟಾ ಮುಗಿಯುತ್ತ ಬಂದಿದೆಯೆಂಬ ಸೂಚನೆ. ನಾಜೂಕಿ ಅದನ್ನು ಓದಿ ಮುಗಿಸುವ ಮೊದಲೇ ಅವಳ ಹೆಬ್ಬೆರಳು ಹಾಟ್‌ಸ್ಪಾಟಿನ ಗುಂಡಿಯ ಮೇಲೆ ಹೋಗಿ ಕುಳಿತಿತ್ತು. ಒತ್ತಿರಲಿಲ್ಲ. ಆದರೆ ಯಾರೂ ಹೇಳದೆ, ತಾನಾಗಿಯೇ, ಅಲ್ಲಿಗೆ ಹೋಗಿತ್ತು. ಅವಳು ಆ ಬೆರಳನ್ನು ಬೇರೆ ಯಾರದೋ ಎಂಜಲನ್ನು ನೋಡುವ ಹಾಗೆ ನೋಡುತ್ತ ನಿಂತಳು.