ಸಕ್ಕರೆ ಬಾಟಲಿಯ ಗುರುತು

ಸಕ್ಕರೆ ಬಾಟಲಿಗೆ ಒಂದು ಕಾಗದದ ಪಟ್ಟಿ ಅಂಟಿಸಿ ಗುರುತು ಮಾಡಿಟ್ಟಿದ್ದೆ. ಮೂರೇ ದಿನಕ್ಕೆ ಸಕ್ಕರೆ ಗುರುತಿನಿಂದ ಎರಡು ಬೆರಳು ಕೆಳಗಿಳಿದಿತ್ತು. ಮನೆಯಲ್ಲಿರುವುದು ಇಬ್ಬರೇ. ನಾನು ಟೀಗೆ ಒಂದು ಚಮಚದ ಮೇಲೆ ಹಾಕಿಕೊಳ್ಳುವವಳಲ್ಲ. ಇನ್ನು ಉಳಿದವರು ನಮ್ಮ ಯಜಮಾನರು, ಸಕ್ಕರೆ ಕಾಯಿಲೆಯವರು.

ಅವರದು ಗಡಿಯಾರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಕಣ್ಣಿಗೂ ಪೊರೆ ಬಂದು, ಭೂತಗನ್ನಡಿ ಇಟ್ಟುಕೊಂಡರೂ ಸ್ಕ್ರೂ ಯಾವುದು, ಧೂಳು ಯಾವುದು ತಿಳಿಯದ ಹಾಗಾಗಿತ್ತು. ಸಕ್ಕರೆ ಇನ್ನೂರರ ಕೆಳಗೆ ಇಳಿಯದೆ ಆಪರೇಷನ್ ಇಲ್ಲ ಅಂತ ಕಣ್ಣಿನ ಡಾಕ್ಟರು ಎರಡು ಸಲ ವಾಪಸ್ ಕಳಿಸಿದ್ದರು. ಬಿಚ್ಚಿದ ಗಡಿಯಾರಗಳು ಬಿಚ್ಚಿದ ಹಾಗೇ ಮೇಜಿನ ಮೇಲೆ ಕೂತಿದ್ದವು.

ಅದಕ್ಕೇ ಮಗಳು ಬಂದು ಅವರ ಫೋನಿಗೆ ಒಂದು ಆಪ್ ಹಾಕಿಕೊಟ್ಟಿದ್ದಳು. "ಅಪ್ಪಾ, ಇದು ಬಾಯಿಬಿಟ್ಟು ಕನ್ನಡದಲ್ಲೇ ಹೇಳುತ್ತೆ. ಹೇಳಿದ ಹಾಗೆ ಕೇಳಿ, ಸಾಕು" ಅಂದು ತನ್ನ ಮನೆಗೆ ಹೋದಳು. ಅವರೂ ಚಾಚೂ ತಪ್ಪದೆ ಕೇಳಿದರು. ಹೊತ್ತಿಗೆ ಸರಿಯಾಗಿ ಮಾತ್ರೆ, ಸಂಜೆ ಅರ್ಧ ಗಂಟೆ ನಡಿಗೆ. ಬೆಳಗ್ಗೆ ಬೆರಳು ಚುಚ್ಚಿ ಮಿಷನ್ನಿನಲ್ಲಿ ಸಕ್ಕರೆ ನೋಡುವುದು ನನ್ನ ಪಾಲಿನ ಕೆಲಸ. ಬಂದ ಅಂಕಿಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಇನ್ನೂರ ಎಂಬತ್ತು. ಮುನ್ನೂರ ಹತ್ತು. ಆಪ್ ಬಂದ ಮೇಲೆ ಏರಿತೇ ಹೊರತು ಇಳಿಯಲಿಲ್ಲ.

"ರೀ, ಕದ್ದು ಏನಾದರೂ ತಿಂತಿದ್ದೀರಾ?"

"ನಾನ್ಯಾಕೆ ಕದೀಲಿ?" ಅಂದರು. ತಿನ್ನೋದಿಲ್ಲ ಅನ್ನಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದವಳಿಗೆ ಅಷ್ಟು ಸಾಕು.

ಜೇಬು ತಡಕಿದೆ. ಅಂಗಿ ಮೂಸಿದೆ. ಪಕ್ಕದ ಬೇಕರಿಯವನನ್ನು ಮಾತಿಗೆಳೆದೆ. "ನಿಮ್ಮವರು ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ ಅಕ್ಕಾ" ಅಂದ. ಅಂದದ್ದು ಸ್ವಲ್ಪ ಬೇಗ ಆಯಿತು ಅನ್ನಿಸಿ ಅವನ ಮೇಲೂ ಗುಮಾನಿ ಬಂತು.

ಮಾರನೆಯ ದಿನ ಟೀ ಕೊಟ್ಟು, ಒಳಗೆ ಹೋದ ಹಾಗೆ ಮಾಡಿ, ಬಾಗಿಲ ಪರದೆಯ ಹಿಂದೆ ನಿಂತೆ. ಫೋನು ಟಿಂಗ್ ಅಂತು. ಹೆಣ್ಣಿನ ದನಿ, ಬಲು ಮರ್ಯಾದೆಯದು: "ದಯವಿಟ್ಟು ನಿಮ್ಮ ಸಕ್ಕರೆ ಸೇರಿಸಿ."

ಇವರು ಗಡಿಯಾರದ ಮುಳ್ಳುಗಳನ್ನಿಡುವ ಡ್ರಾಯರ್ ಎಳೆದು, ತಗಡಿನ ಪುಟ್ಟ ಡಬ್ಬಿ ತೆಗೆದು, ಚಮಚದ ತುಂಬ ಸಕ್ಕರೆಯನ್ನು ಟೀಗೆ ಸೇರಿಸಿ ಕದಡಿದರು.

ಪರದೆ ಸರಿಸಿದೆ. ಬೆಚ್ಚಲೂ ಇಲ್ಲ ಆ ಮನುಷ್ಯ.

"ನೀನೇ ಕೇಳಿದೆಯಲ್ಲ. ಮೂರು ಹೊತ್ತೂ ಹೇಳುತ್ತೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹಾಕೋಕೆ ಬಿಡ್ತಿದ್ಯಾ?"

ಮಗಳಿಗೆ ಫೋನ್ ಮಾಡಿದೆ. ಮೊದಲು ನಕ್ಕಳು, ಆಮೇಲೆ ಬಿಡಿಸಿ ಹೇಳಿದಳು. "ಸಕ್ಕರೆ ಸೇರಿಸಿ ಅಂದ್ರೆ ಮಿಷನ್ನಲ್ಲಿ ಬಂದ ಅಂಕಿನ ಆಪ್ ಒಳಗೆ ಬರೀರಿ ಅಂತ ಕಣಮ್ಮಾ. ನೀವು ಬರೀಲಿಲ್ಲ, ಅದು ಕೇಳ್ತಾನೇ ಇದೆ."

ಅವತ್ತಿನಿಂದ ಫೋನು ನನ್ನ ಸುಪರ್ದಿಯಲ್ಲಿ. ಸೇರಿಸಿ ಅಂದಾಗ ಅಂಕಿ ಒತ್ತುತ್ತೇನೆ. ಮೂರು ವಾರಕ್ಕೆ ನೂರ ಎಪ್ಪತ್ತಕ್ಕೆ ಬಂತು. ಬರುವ ಬುಧವಾರ ಆಪರೇಷನ್.

ಆದರೂ ಒಂದು ಗುಮಾನಿ ಉಳಿದಿದೆ. ಕಿವಿಗಿಟ್ಟ ಮಾತ್ರಕ್ಕೇ ಗಡಿಯಾರ ಎಲ್ಲಿ ತಪ್ಪುತ್ತಿದೆ ಅಂತ ಹೇಳುವವರಿಗೆ ಆ ಮಾತಿನ ತಪ್ಪು ಕೇಳಿಸಲೇ ಇಲ್ಲವೇ?

ನಿನ್ನೆ ಟೀ ಲೋಟ ಹಿಡಿದು ಮೆಲ್ಲಗೆ ಕೇಳಿದರು: "ಅದು ಇವತ್ತು ಏನಾದರೂ ಹೇಳ್ತಾ?"

"ಹೇಳಿತು. ನಾನೇ ಸೇರಿಸಿದೆ."

ಆಸೆಯಿಂದ ಒಂದು ಗುಟುಕು ಕುಡಿದು, ನನ್ನ ಮುಖ ನೋಡಿದರು.