ಮುಂದೆ ಹೋಗುತ್ತಿದ್ದ ಲಾರಿ

ಆ ಲಾರಿ ಆಫೀಸಿನಲ್ಲಿ ಯಾವ ಗಾಡಿ ಯಾವಾಗ ಹೊರಡಬೇಕು, ಯಾವ ದಾರಿ ಹಿಡಿಯಬೇಕು ಎಂದು ಹೇಳುವವಳು ಅಕ್ಕ. ಇಪ್ಪತ್ತೆರಡು ಡ್ರೈವರುಗಳಿಗೂ ಅವಳು ಅಕ್ಕನೇ. ಅವಳಿಗಿಂತ ಹತ್ತು ವರ್ಷ ದೊಡ್ಡವರು ಕೂಡ ಹಾಗೇ ಕರೆಯುತ್ತಿದ್ದರು. ಬಾಯಿ ಜೋರಾದರೂ ಕರುಳು ಮೆತ್ತಗೆ ಎಂಬುದು ಅವರೆಲ್ಲರ ಒಮ್ಮತ. ಆದರೆ ಆ ಗುರುವಾರ ಬೆಳಿಗ್ಗೆ ಅವಳ ಬಾಯಿಯೇ ಮುಂದಾಯಿತು.

ಗಡಿಯಾರ ಎಂಬ ಅಡ್ಡಹೆಸರಿನ ಡ್ರೈವರು ಎರಡು ದಿನದ ಓಟ ಮುಗಿಸಿ ಆಗಷ್ಟೇ ಗಾಡಿಯನ್ನು ಅಂಗಳಕ್ಕೆ ತಂದಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಡ ಮಾಡದವನೆಂದು ಆ ಹೆಸರು. ಅವನು ಮುಖ ತೊಳೆಯುವಷ್ಟರಲ್ಲಿ ಹಮಾಲರು ಕಿಟಕಿ ಗಾಜಿನ ಲೋಡು ಹೇರತೊಡಗಿದ್ದರು.

"ಅಕ್ಕಾ, ಕಣ್ಣು ಎಳೀತಾ ಇದೆ. ನಾಲ್ಕು ಗಂಟೆ ಮಲಗಿ ಹೋಗ್ಲಾ?"

"ಗುಡ್ಡದಾಚೆ ಕಟ್ಟಡದವರು ಕಾಯ್ತಾ ಕೂತಿದ್ದಾರೆ. ಬೆಳಿಗ್ಗೆಯಿಂದ ಯಜಮಾನರು ನನ್ನ ತಲೆ ತಿಂತಾ ಇದ್ದಾರೆ. ಇದೊಂದು ಓಟ ಹೋಗ್ಬಿಟ್ಟು ಬಾ ಮಾರಾಯ."

ಅವನು ಕೀಲಿ ತೆಗೆದುಕೊಂಡು ಹೋದ.

ಹತ್ತು ಗಂಟೆಗೆ ಅವನ ಫೋನು ಬಂತು. ಗುಡ್ಡದ ತುಂಬ ಮಂಜು ಎಂದ. ಆಮೇಲೆ ಕೇಳಿದ: "ಅಕ್ಕಾ, ಇದೇ ದಾರೀಲಿ ನಮ್ಮ ಇನ್ನೊಂದು ಗಾಡಿ ಕಳಿಸಿದ್ದೀರಾ?"

"ಇಲ್ವಲ್ಲ. ಯಾಕೆ?"

"ಮುಂದೆ ಒಂದು ಹೋಗ್ತಾ ಇದೆ. ನಂಬರು ನಂದೇ."

"ನಿದ್ದೆಗಣ್ಣಲ್ಲಿ ಏನೇನೋ ಓದ್ಬೇಡ."

"ನಂಬರು ತಪ್ಪು ಓದ್ಬಹುದು ಅಕ್ಕಾ. ಟಾರ್ಪಾಲಿಗೆ ನನ್ನ ಮಗಳ ಹಳದಿ ರೇನ್‌ಕೋಟಿನ ತುಂಡು ಹಾಕಿ ಹೊಲಿದವನು ನಾನೇ. ಆ ತೇಪೆಯೂ ಇದೆ."

ಅಕ್ಕನಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವನು ತಮಾಷೆಗೂ ಸುಳ್ಳು ಹೇಳುವ ಆಸಾಮಿಯಲ್ಲ. ಎದುರಿನ ಕಂಪ್ಯೂಟರ್ ಪರದೆಯ ನಕ್ಷೆಯಲ್ಲಿ ಅವನ ಗಾಡಿಯ ಕೆಂಪು ಚುಕ್ಕಿ ಗುಡ್ಡದ ದಾರಿಯಲ್ಲಿ ಮೆಲ್ಲಗೆ ಏರುತ್ತಿತ್ತು.

"ಆ ಗಾಡಿಯವನು ಕಿಟಕಿಯಿಂದ ಕೈ ಹೊರಗೆ ಹಾಕಿದ್ದಾನೆ," ಎಂದ ಗಡಿಯಾರ. "ಬಾ, ಬಾ, ಮುಂದೆ ಹೋಗು ಅಂತಿದ್ದಾನೆ. ದಾರಿ ಖಾಲಿ ಇರ್ಬೇಕು. ಓವರ್‌ಟೇಕ್ ಮಾಡ್ಲಾ?"

"ಬೇಡ!" ಅಕ್ಕ ಕೂಗಿದ ರಭಸಕ್ಕೆ ಪಕ್ಕದ ಮೇಜಿನ ಗುಮಾಸ್ತ ಪೆನ್ನು ಬೀಳಿಸಿದ. "ಬದಿಗೆ ಹಾಕು. ಈಗಲೇ."

ಬ್ರೇಕಿನ ಸದ್ದು ಕೇಳಿಸಿತು, ನಂತರ ಎಂಜಿನ್ ಆರಿದ್ದು. "ನಿಲ್ಲಿಸ್ದೆ ಅಕ್ಕಾ. ಕಲ್ಲಿನ ಕ್ವಾರಿ ಮುಂದೆ ಜಾಗ ಇದೆ."

ಪರದೆಯ ಮೇಲೆ ಚುಕ್ಕಿ ನಿಲ್ಲಲಿಲ್ಲ.

ಅವಳು ಕಣ್ಣುಜ್ಜಿಕೊಂಡು ನೋಡಿದಳು. ಚುಕ್ಕಿ ಕ್ವಾರಿ ದಾಟಿ ಮುಂದಿನ ತಿರುವು ಹತ್ತುತ್ತಿತ್ತು. ಆದಷ್ಟು ಮಾಮೂಲಿ ದನಿಯಲ್ಲಿ ಹೇಳಿದಳು: "ಫೋನು ಆಫ್ ಮಾಡಿ ಮಲಗು. ಏಳೋವರೆಗೂ ಮಲಗು. ಕಟ್ಟಡದವರಿಗೆ ನಾನು ಹೇಳ್ಕೋತೀನಿ."

"ಬೆಳಿಗ್ಗೆ ಮಲಗ್ಬೇಡ ಅಂದವರೂ ನೀವೇ, ಈಗ ಜೋಗುಳ ಹಾಡೋರೂ ನೀವೇ," ಎಂದು ನಕ್ಕು ಅವನು ಫೋನಿಟ್ಟ.

ಚುಕ್ಕಿ ತನ್ನ ಪಾಡಿಗೆ ಏರುತ್ತಲೇ ಇತ್ತು. ಕೊನೆಯ ತಿರುವಿನಲ್ಲಿ ಅದು ತಿರುಗಲಿಲ್ಲ. ರಸ್ತೆಯ ಗೆರೆ ಬಿಟ್ಟು ನಕ್ಷೆಯಲ್ಲಿ ಏನೂ ಇಲ್ಲದ ಬಿಳಿ ಜಾಗಕ್ಕೆ ಜಾರಿ, ಅಲ್ಲಿ ನಿಂತಿತು.

ಅದೇ ಕ್ಷಣಕ್ಕೆ ಮೇಜಿನ ಫೋನು ಹೊಡೆದುಕೊಂಡಿತು.

"ಅಕ್ಕಾ, ತಲುಪಿದೆ."

ಗಡಿಯಾರನದೇ ದನಿ. ಅದರ ಹಿಂದೆ ಎಂಜಿನ್ನಿಲ್ಲ, ಗಾಳಿಯಿಲ್ಲ, ಒಂದು ಹಕ್ಕಿಯ ಸದ್ದೂ ಇಲ್ಲ. ಅಕ್ಕ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಇಲ್ಲಿ ಲೋಡು ಇಳಿಸೋಕೆ ಯಾರೂ ಇಲ್ಲ ಅಕ್ಕಾ. ಏನ್ಮಾಡ್ಲಿ?"

ದಾರಿ ತೋಚದ ಡ್ರೈವರುಗಳು ದಿನವೂ ಕೇಳುವ ಮಾತೇ ಅದು. ಅದೆಲ್ಲಿಂದ ಕೇಳುತ್ತಿದ್ದಾನೆ ಎಂದು ಯೋಚಿಸುವ ಧೈರ್ಯ ಅವಳಿಗೆ ಇರಲಿಲ್ಲ. ಆದರೂ ಕೇಳಿದವನಿಗೆ ಉತ್ತರ ಕೊಡದೆ ಫೋನಿಡುವುದು ಅವಳಿಗೆ ಗೊತ್ತಿರಲಿಲ್ಲ.

"ಮಲಗಪ್ಪಾ," ಎಂದಳು.

"ಸರಿ ಅಕ್ಕಾ."

ಸಂಪರ್ಕ ಕಡಿಯಿತು. ಚುಕ್ಕಿ ಮಾಯವಾಯಿತು. ಮರುಗಳಿಗೆ ಕ್ವಾರಿಯ ಮುಂದೆ, ಬೆಳಗಿನಿಂದ ಅಲ್ಲೇ ಇದ್ದ ಹಾಗೆ, ಮತ್ತೆ ಕಾಣಿಸಿಕೊಂಡಿತು.

ಎರಡೂವರೆಗೆ ಗಡಿಯಾರ ಎದ್ದು ಫೋನು ಮಾಡುವವರೆಗೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ, ನೀರು ಕೂಡ ಕುಡಿಯಲಿಲ್ಲ. ಮಂಜು ಹರಿದಿದೆ ಎಂದ. ಕೊನೆಯ ತಿರುವು ದಾಟಿದ ಮೇಲೆ ಇನ್ನೊಮ್ಮೆ ಫೋನು ಮಾಡಿದ. "ಅಕ್ಕಾ, ಇಲ್ಲಿ ಯಾವ ಗಾಡಿಯೂ ಬಿದ್ದ ಹಾಗಿಲ್ಲ, ತಡೆಗೋಡೆ ಗಟ್ಟಿಯಾಗೇ ಇದೆ. ಆದ್ರೆ ರಸ್ತೆ ತುಂಬ ಗಾಜಿನ ಚೂರು. ಇಳಿದು ನನ್ನ ಲೋಡು ನೋಡ್ದೆ, ಒಂದೂ ಒಡೆದಿಲ್ಲ."

ಸಂಜೆ ಯಜಮಾನರು ಲೋಡು ತಡವಾಯಿತೆಂದು ಮೇಜು ಕುಟ್ಟಿ ಹಾರಾಡಿದರು. ಅಕ್ಕ ಎಲ್ಲ ಕೇಳಿಸಿಕೊಂಡು ಹೇಳಿದಳು: "ನಿದ್ದೆ ಬರ್ತಿದೆ ಅಂದವನನ್ನ ಇನ್ಮೇಲೆ ನಾನು ಹೊರಡಿಸಲ್ಲ. ಆಗಲ್ಲ ಅಂದ್ರೆ ಈ ಕುರ್ಚೀಲಿ ಬೇರೆಯವರನ್ನ ಕೂರಿಸಿ." ಇಪ್ಪತ್ತೆರಡು ಡ್ರೈವರುಗಳನ್ನು ಸಂಭಾಳಿಸುವ ಇನ್ನೊಬ್ಬಳು ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಗೊಣಗುತ್ತ ಹೊರಟುಹೋದರು.

ಮರುದಿನ ಮಧ್ಯಾಹ್ನ ಗಡಿಯಾರ ಬಂದು ಆಫೀಸಿನ ಬಾಗಿಲಲ್ಲಿ ನಿಂತ. ಅವಳು ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ಅಕ್ಕಾ, ಆ ಗಾಡಿ ಆಮೇಲೆ ಎಲ್ಲಿಗೆ ಹೋಯ್ತು? ನಿಮ್ಮ ಪರದೇಲಿ ಕಾಣಿಸ್ತಾ?"

"ಇಲ್ಲಪ್ಪ. ಆಗಲೇ ಕರೆಂಟ್ ಹೋಯ್ತು."

ದಾರಿಯ ವಿಷಯದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ಅವನಿಗೆ ಅದು ತಿಳಿಯಿತೋ ಏನೋ, ಬಾಗಿಲ ಚೌಕಟ್ಟನ್ನು ಎರಡು ಸಲ ಬೆರಳಿಂದ ತಟ್ಟಿದ.

"ಒಳ್ಳೇದಾಯ್ತು ಬಿಡಿ," ಎಂದು ಹೇಳಿ, ಬಕೆಟ್ಟು ಹಿಡಿದು ಲಾರಿಯ ಮುಂಗಾಜು ತೊಳೆಯಲು ಹೋದ.